ಮೆಣಸು ಕೊಳ್ಳುವವನು ಒಬ್ಬನೇ ಉಳಿದಾಗ

ಭಟ್ಕಳದಲ್ಲಿ ಮೊದಲು ಕೋಠಿ ತೆರೆದ ಇಂಗ್ಲಿಷರು ಈಸ್ಟ್ ಇಂಡಿಯಾ ಕಂಪನಿಯವರಲ್ಲ. ಅವರು ಆ ಕಂಪನಿಗೆ ಎದುರು ನಿಂತಿದ್ದ ಇನ್ನೊಂದು ಕೂಟದವರು. ನಮ್ಮ ಶಾಲೆಯ ಪುಸ್ತಕಗಳಲ್ಲಿ ‘ಬ್ರಿಟಿಷರು ಬಂದರು’ ಎಂಬ ಒಂದೇ ಮಾತಿನೊಳಗೆ ಈ ಸಂಗತಿ ಕರಗಿಹೋಗುತ್ತದೆ. ಬಂದವರು ಒಂದೇ ಗುಂಪಿನವರಲ್ಲ. ಲಂಡನ್ನಿನಲ್ಲಿ ಒಬ್ಬರ ಮೇಲೊಬ್ಬರು ದೂರು ಕೊಡುತ್ತಿದ್ದ, ಸಮುದ್ರದಲ್ಲಿ ಒಬ್ಬರ ಹೆಸರನ್ನು ಇನ್ನೊಬ್ಬರು ಕೆಡಿಸುತ್ತಿದ್ದ, ಕೊನೆಗೆ ಒಬ್ಬರೊಳಗೊಬ್ಬರು ಬೆರೆತು ಬೆಳೆದ ವ್ಯಾಪಾರಿ ಕೂಟಗಳು ಅವು. ಅಂಥ ಬೆರಕೆ ನಡೆದಾಗಲೆಲ್ಲ ಭಟ್ಕಳ, ಹೊನ್ನಾವರ, ಮಿರ್ಜಾನ್, ಕಾರವಾರಗಳ ಪೇಟೆಯಲ್ಲಿ ಕಾಳುಮೆಣಸು ಕೊಳ್ಳುವವರು ಕಡಿಮೆಯಾದರು. ಈ ಕರಾವಳಿಯ ಎರಡು ಶತಮಾನಗಳನ್ನು ಯುದ್ಧಗಳ ಪಟ್ಟಿಯಿಂದ ಓದುವುದಕ್ಕಿಂತ ಈ ಲೆಕ್ಕದಿಂದ ಓದಿದರೆ ಹೆಚ್ಚು ಅರ್ಥವಾಗುತ್ತದೆ ಎಂಬುದು ನನ್ನ ನಂಬಿಕೆ.

ಮೊದಲು ಆ ಎದುರಾಳಿಗಳ ವಿಷಯ. 1600ರ ಡಿಸೆಂಬರ್ 31ರಂದು ರಾಣಿ ಎಲಿಜಬೆತ್ ಈಸ್ಟ್ ಇಂಡಿಯಾ ಕಂಪನಿಗೆ ಪೂರ್ವದೇಶಗಳ ವ್ಯಾಪಾರದ ಏಕಸ್ವಾಮ್ಯ ಬರೆದುಕೊಟ್ಟಿದ್ದಳು. ಮೂವತ್ತೈದು ವರ್ಷಗಳ ಮೇಲೆ, 1635ರ ಡಿಸೆಂಬರಿನಲ್ಲಿ, ಒಂದನೆಯ ಚಾರ್ಲ್ಸ್ ಅರಸ ಅದೇ ಕಡಲಿಗೆ ಇನ್ನೊಂದು ಕೂಟವನ್ನು ಕಳಿಸಲು ಪರವಾನಗಿ ಕೊಟ್ಟ. ಹಣ ಹಾಕಿದವನು ಲಂಡನ್ನಿನ ದೊಡ್ಡ ವರ್ತಕ ಸರ್ ವಿಲಿಯಂ ಕೋರ್ಟೀನ್. ಬಾರ್ಬಡೋಸ್ ದ್ವೀಪದಲ್ಲಿ ಇಂಗ್ಲಿಷ್ ವಸಾಹತು ಕಟ್ಟಲು ಬಂಡವಾಳ ಹೂಡಿದವನೂ ಇವನೇ. ಅರಮನೆಯ ಆಪ್ತ ಎಂಡಿಮಿಯನ್ ಪೋರ್ಟರ್ ಇವನ ಜೊತೆಗಿದ್ದ. ಅರಸನ ಹೆಸರಿಗೂ 10,000 ಪೌಂಡಿನ ಪಾಲು ಬಿತ್ತು. ಈಸ್ಟ್ ಇಂಡಿಯಾ ಕಂಪನಿ ತನಗೆ ಕೊಟ್ಟ ಸವಲತ್ತಿಗೆ ತಕ್ಕಂತೆ ಪೂರ್ವದಲ್ಲಿ ನೆಲೆ ಊರಲಿಲ್ಲ ಎಂಬುದು ಅವರು ಮುಂದಿಟ್ಟ ಕಾರಣ. ಒಳಗಿನ ಕಾರಣ ಸರಳವಾಗಿತ್ತು: ಅರಸನಿಗೆ ದುಡ್ಡು ಬೇಕಿತ್ತು.

ಹಡಗುಗಳ ಮುಖ್ಯಸ್ಥ ಜಾನ್ ವೆಡೆಲ್. 1622ರಲ್ಲಿ ಪೋರ್ಚುಗೀಸರ ಕೈಯಿಂದ ಹೊರ್ಮುಜ್ ಕಿತ್ತುಕೊಂಡಾಗ ಇಂಗ್ಲಿಷ್ ಹಡಗುಗಳನ್ನು ನಡೆಸಿದವನು, ಹಳೆಯ ಕಂಪನಿಯಲ್ಲೇ ದುಡಿದು ಮುನಿಸಿಕೊಂಡು ಹೊರಬಂದವನು. 1636ರ ಏಪ್ರಿಲ್‌ನಲ್ಲಿ ಹೊರಟ ಆ ಹಡಗುಗಳಲ್ಲಿ ಪೀಟರ್ ಮಂಡಿ ಎಂಬ ಕಾರ್ನ್‌ವಾಲಿನ ವರ್ತಕನೂ ಇದ್ದ. ಅವನೂ ಹಿಂದೆ ಈಸ್ಟ್ ಇಂಡಿಯಾ ಕಂಪನಿಯ ಚಾಕರಿಯಲ್ಲಿ ಆಗ್ರಾ, ಪಾಟ್ನಾ ಸುತ್ತಿದವನು. ಕಂಡದ್ದನ್ನೆಲ್ಲ ಬರೆದಿಡುವ ಅಭ್ಯಾಸ ಅವನಿಗಿದ್ದುದರಿಂದ ಈ ಪ್ರಯಾಣದ ವಿವರ ನಮಗೆ ಉಳಿದಿದೆ. ಹಡಗುಗಳು ಗೋವಾ ಮುಟ್ಟುವ ಮೊದಲೇ ಲಂಡನ್ನಿನಲ್ಲಿ ಸರ್ ವಿಲಿಯಂ ತೀರಿಕೊಂಡಿದ್ದ. ವ್ಯವಹಾರ ಅದೇ ಹೆಸರಿನ ಮಗನ ಪಾಲಿಗೆ ಬಂತು.

1637ರ ಮೊದಲ ತಿಂಗಳುಗಳಲ್ಲಿ ಹಡಗುಗಳು ಭಟ್ಕಳಕ್ಕೆ ಬಂದವು. ವೆಡೆಲ್‌ನ ಕಡೆಯವರು ಘಟ್ಟ ಹತ್ತಿ ಆಗಿನ ರಾಜಧಾನಿ ಇಕ್ಕೇರಿಗೆ ಹೋಗಿ ಕೆಳದಿಯ ವೀರಭದ್ರ ನಾಯಕನನ್ನು ಕಂಡರು. ಭಟ್ಕಳದಲ್ಲಿ ಕೋಠಿ ಹಾಕಲು ಅಪ್ಪಣೆ ಸಿಕ್ಕಿತು. ಕೆಲವು ಮಂದಿಯನ್ನು ಅಲ್ಲಿ ಬಿಟ್ಟು ವೆಡೆಲ್ ಚೀನಾದ ಕಡೆಗೆ ಹೊರಟುಹೋದ.

ಬಿಟ್ಟುಹೋದವರಲ್ಲಿ ಕೆಲವರು ಭಟ್ಕಳದ ಮಣ್ಣಿನಲ್ಲೇ ಇದ್ದಾರೆ. ಊರಿನಲ್ಲಿ ಉಳಿದಿರುವ ಮೂರು ಸಮಾಧಿ ಕಲ್ಲುಗಳ ಮೇಲಿನ ಹೆಸರುಗಳು ವರ್ತಕ ಜಾರ್ಜ್ ವೈ, ಆಂಟನಿ ವರ್ನ್‌ವರ್ದಿ, ಶಸ್ತ್ರವೈದ್ಯ ವಿಲಿಯಂ ಬಾರ್ಟನ್. ಮೊದಲಿನ ಇಬ್ಬರು ತೀರಿಕೊಂಡದ್ದು 1637ರಲ್ಲಿ, ಅಂದರೆ ಕೋಠಿ ತೆರೆದ ವರ್ಷದಲ್ಲೇ. ವೈದ್ಯ ಅದರ ಮರುವರ್ಷ. ಭಾರತದ ಅತಿ ಹಳೆಯ ಇಂಗ್ಲಿಷ್ ಗೋರಿಗಳ ಸಾಲಿನಲ್ಲಿ ಇವೂ ಸೇರುತ್ತವೆ. ವರ್ತಕರೂ ವೈದ್ಯನೂ ಎರಡು ವರ್ಷದೊಳಗೆ ಸತ್ತ ಮೇಲೆ ಆ ವ್ಯಾಪಾರದ ಗತಿ ಏನಾಗಿರಬಹುದೆಂದು ಊಹಿಸಲು ಹೆಚ್ಚು ದಾಖಲೆ ಬೇಕಿಲ್ಲ.

ಈ ಕಲ್ಲುಗಳಿಗೆ ಬೇರೊಂದು ಕತೆಯೂ ಅಂಟಿಕೊಂಡಿದೆ. ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎಂಬ ಹಡಗಿನ ಕಪ್ತಾನ 1727ರಲ್ಲಿ ಅಚ್ಚುಹಾಕಿಸಿದ ಪುಸ್ತಕದಲ್ಲಿ, 1670ರ ಸುಮಾರಿಗೆ ಭಟ್ಕಳದ ಕೋಠಿಯ ಇಂಗ್ಲಿಷ್ ನಾಯಿಯೊಂದು ದೇವರ ಹಸುವನ್ನು ಕೊಂದಿತೆಂದೂ, ಸಿಟ್ಟಿಗೆದ್ದ ಜನ ಹದಿನೆಂಟು ಇಂಗ್ಲಿಷರನ್ನು ಕೊಂದು ಒಂದೇ ಗುಂಡಿಗೆ ಹಾಕಿದರೆಂದೂ ಬರೆದ. ಆಮೇಲೆ ಬಂದ ಎಷ್ಟೋ ಬರಹಗಾರರು ಅದನ್ನೇ ಎತ್ತಿ ಬರೆದರು. ಕಲ್ಲುಗಳು ಹೇಳುವುದೇ ಬೇರೆ. ಇಸವಿ ಬೇರೆ, ಹೆಸರು ಬೇರೆ, ಹದಿನೆಂಟು ಜನರ ಸುಳಿವೂ ಇಲ್ಲ. ಉದ್ರಿಕ್ತ ಜನರ ಕೈಯಲ್ಲಿ ಸತ್ತರು ಎಂಬ ಕತೆ ಓದುಗರಿಗೆ ರುಚಿಸುತ್ತದೆ. ಆದರೆ ದೂರದ ಊರಿಗೆ ಬಂದು ಎರಡೇ ವರ್ಷದೊಳಗೆ ಮಣ್ಣಾದ ಮೂವರ ಮೇಲೆ, ಅವರನ್ನು ಇರಗೊಟ್ಟ ಊರಿನ ಮೇಲೂ, ಆ ಕತೆ ಅನ್ಯಾಯವಾಗಿ ಬಿದ್ದಿದೆ ಎಂದು ನಾನು ಭಾವಿಸುತ್ತೇನೆ.

ವೀರಭದ್ರ ನಾಯಕ ಯಾಕೆ ಅಪ್ಪಣೆ ಕೊಟ್ಟ? ಇದಕ್ಕೆ ಉತ್ತರ ಮೆಣಸಿನಲ್ಲಿದೆ.

ಸಾಗರ, ಸಿದ್ದಾಪುರದ ಕಡೆಯ ಅಡಿಕೆ ತೋಟಗಳಲ್ಲಿ ಮರಕ್ಕೆ ಹಬ್ಬಿದ ಬಳ್ಳಿಗಳಿಂದ ಚಳಿಗಾಲದ ಕೊನೆಗೆ ಕಾಳು ಕೊಯ್ಯುತ್ತಾರೆ. ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾದರೆ ಕೊಯ್ಲಿಗೆ ಬಂತೆಂದು ಅರ್ಥ. ಬಿಡಿಸಿ, ಅಂಗಳದಲ್ಲಿ ಹರವಿ, ಕಪ್ಪಗೆ ಸುಕ್ಕುಗಟ್ಟುವವರೆಗೆ ಬಿಸಿಲಿಗೆ ಹಾಕಬೇಕು. ಒಣಗಿದ ಮೇಲೆ ತೂಕ ಹಸಿಯ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಆಗಿನ ಕಾಲದಲ್ಲಿ ಹೀಗೆ ಒಣಗಿದ ಮಾಲು ಎತ್ತಿನ ಹೇರಿನಲ್ಲಿ ಘಟ್ಟ ಇಳಿದು ಗೇರುಸೊಪ್ಪೆಗೆ ಬರುತ್ತಿತ್ತು. ಅಲ್ಲಿಂದ ಶರಾವತಿಯಲ್ಲಿ ದೋಣಿ ಹತ್ತಿ ಹೊನ್ನಾವರಕ್ಕೆ. ಇನ್ನೊಂದು ದಾರಿ ಅಘನಾಶಿನಿಯದು: ಉಪ್ಪಿನಪಟ್ಟಣದವರೆಗೆ ಎತ್ತು, ಅಲ್ಲಿಂದ ದೋಣಿ, ಹೊಳೆಯ ಕೆಳಗೆ ಮಿರ್ಜಾನ್ ಕೋಟೆ, ಅದರಾಚೆ ತದಡಿಯ ಅಳಿವೆ ಮತ್ತು ಕಡಲು.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಚೆನ್ನಾಗಿ ಒಣಗಿದ ಮೆಣಸು ವರ್ಷಗಟ್ಟಲೆ ಕೆಡುವುದಿಲ್ಲ. ಮಾರುವವನು ಕಾಯಬಲ್ಲ. ಕೊಳ್ಳುವವನು ಕಾಯಲಾರ. ಮಳೆಗಾಲಕ್ಕೆ ಮುಂಚೆ ಹಡಗು ಈ ತೀರ ಬಿಡಲೇಬೇಕು. ಬಿಡದಿದ್ದರೆ ನಾಲ್ಕು ತಿಂಗಳು ಕಡಲು ಮುಚ್ಚುತ್ತದೆ, ಹಡಗಿನವರ ಸಂಬಳ, ಊಟ ಮೈಮೇಲೆ ಬರುತ್ತದೆ. ಹಾಗಾಗಿ ತೀರದಲ್ಲಿ ಇಬ್ಬರು, ಮೂವರು ಕೊಳ್ಳುವವರು ಇರುವತನಕ ಬೆಲೆಯ ಮಾತು ಮಾರುವವನ ಬಾಯಲ್ಲಿತ್ತು. ಎಲ್ಲರೂ ಸೇರಿ ಒಬ್ಬನೇ ಆದರೆ ಆ ಮಾತು ಅವನ ಬಾಯಿಗೆ ಹೋಗುತ್ತದೆ.

ಈ ಸೂಕ್ಷ್ಮವನ್ನು ಇಲ್ಲಿನ ಆಳುವವರು ಚೆನ್ನಾಗಿ ಬಲ್ಲವರಾಗಿದ್ದರು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. 1552ರಿಂದ ಐದು ದಶಕಗಳಿಗೂ ಮಿಕ್ಕಿ ಆಳಿದ ಅವಳು ಪೋರ್ಚುಗೀಸರೊಡನೆ ಕಾದಿದಳು, ಅವರಿಗೇ ಮೆಣಸನ್ನೂ ಮಾರಿದಳು. 1569ರ ಹೊತ್ತಿಗೆ ಹೊನ್ನಾವರದ ಕೋಟೆ ಪೋರ್ಚುಗೀಸರ ಕೈಸೇರಿದರೂ ಮೆಣಸಿನ ತೋಟಗಳು ಅವರ ಕೈಗೆ ಸಿಗಲಿಲ್ಲ. 1606ರ ಸುಮಾರಿಗೆ ಕೆಳದಿಯ ವೆಂಕಟಪ್ಪ ನಾಯಕ ಗೇರುಸೊಪ್ಪೆಯನ್ನು ಗೆದ್ದ ಮೇಲೆ ಮೆಣಸಿನ ನಾಡು ಇಕ್ಕೇರಿಗೆ ಸೇರಿತು. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಹೊರಟ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಹೊನ್ನಾವರದಿಂದ ಹೊಳೆಯ ಮೇಲೆ ಗೇರುಸೊಪ್ಪೆಗೆ ಬಂದಾಗ ಊರು ಹಾಳುಬಿದ್ದು ಕಾಡು ಬೆಳೆದಿತ್ತು. ರಾಯಭಾರಿ ಮಾತ್ರ ಘಟ್ಟ ಹತ್ತಲೇಬೇಕಾಯಿತು. ಕೋಟೆ ಕೈಯಲ್ಲಿದ್ದರೂ ಮಾಲಿಗೆ ಮೇಲಿನವರ ಬಾಗಿಲು ತಟ್ಟಬೇಕಾದ ಸ್ಥಿತಿ ಅದು.

ವೀರಭದ್ರ ನಾಯಕನ ಎದುರು ಪೋರ್ಚುಗೀಸರು ಹೊನ್ನಾವರದಲ್ಲಿ ಕೂತಿದ್ದರು. ಡಚ್ಚರು 1637ರಲ್ಲೇ ವೆಂಗುರ್ಲೆಯಲ್ಲಿ ನೆಲೆ ಮಾಡಿ ಗೋವಾಕ್ಕೆ ಕಡಲ ಮುತ್ತಿಗೆ ಹಾಕುತ್ತಿದ್ದರು. ಅಂಥ ಹೊತ್ತಿನಲ್ಲಿ ಹೊಸ ಗಿರಾಕಿಯೊಬ್ಬ ಭಟ್ಕಳದಲ್ಲಿ ಇಳಿದರೆ ಯಾವ ಜಾಣ ಅರಸ ಬೇಡವೆಂದಾನು? ವಿಜಯನಗರದ ಕಾಲದಲ್ಲಿ ಅರಬ್ ಕುದುರೆಗಳು ಇಳಿಯುತ್ತಿದ್ದ, ನವಾಯತ ವರ್ತಕರು ಹೊರ್ಮುಜ್‌ವರೆಗೆ ವ್ಯವಹಾರ ಇಟ್ಟುಕೊಂಡಿದ್ದ ಬಂದರು ಅದು. ಹೊರಗಿನ ಗಿರಾಕಿಗಳ ನಡುವೆ ಪೈಪೋಟಿ ಹಚ್ಚುವುದು ಅಲ್ಲಿನವರಿಗೆ ಹೊಸದಾಗಿರಲಿಲ್ಲ.

ಆದರೆ ಕೋರ್ಟೀನ್ ಕೂಟಕ್ಕೆ ತಾಕತ್ತಿರಲಿಲ್ಲ. ದೂರದ ವ್ಯಾಪಾರಕ್ಕೆ ವರ್ಷ ವರ್ಷವೂ ಹಡಗು ಬರಬೇಕು, ಮುಂಗಡಕ್ಕೆ ನಗದು ಬೇಕು. ಚೀನಾದ ಕ್ಯಾಂಟನ್ನಿನಲ್ಲಿ ಮೊದಲು ವ್ಯಾಪಾರ ಮಾಡಿದ ಇಂಗ್ಲಿಷನೆಂಬ ಹೆಸರು ಗಳಿಸಿದ ವೆಡೆಲ್ 1639ರಲ್ಲಿ ಊರಿಗೆ ಹಿಂತಿರುಗುವಾಗ ಹಡಗು ಸಮೇತ ಕಡಲಿನಲ್ಲಿ ಕಾಣೆಯಾದ. 1643ರಲ್ಲಿ ಕೂಟದ ಬೋನಾ ಎಸ್ಪೆರಾಂಜಾ ಎಂಬ ಹಡಗನ್ನು ಡಚ್ಚರು ಮಲಕ್ಕಾ ಜಲಸಂಧಿಯಲ್ಲಿ ಹಿಡಿದರು. ಸಾಲ ಮೇಲೇರಿ ಮಗ ಕೋರ್ಟೀನ್ ದೇಶ ಬಿಟ್ಟ. ಭಟ್ಕಳದ ಕೋಠಿ ಬೇಗನೆ ಸೊರಗಿತು. ಬಿಜಾಪುರದ ಆಡಳಿತಕ್ಕೆ ಸೇರಿದ್ದ ಕಾರವಾರದಲ್ಲಿ 1638ರಲ್ಲಿ ತೆರೆದ ಕೋಠಿ ಮಾತ್ರ ಹೇಗೋ ಜೀವ ಹಿಡಿದುಕೊಂಡಿತು.

ಹಳೆಯ ಕಂಪನಿಗೆ ಈ ಎದುರಾಳಿಗಳಿಂದ ಆದ ನಷ್ಟ ಬರೀ ಬೆಲೆಯದಲ್ಲ. ಎಂಡಿಮಿಯನ್ ಪೋರ್ಟರ್‌ನ ಬೆಂಬಲ ಪಡೆದ ಹಡಗೊಂದು ಕೆಂಪು ಸಮುದ್ರದಲ್ಲಿ ಮೊಗಲ್ ಪ್ರಜೆಗಳ ಹಡಗುಗಳನ್ನು ದೋಚಿದಾಗ, ಸೂರತ್ತಿನಲ್ಲಿ ಜೈಲಿಗೆ ಹೋದವನು ಈಸ್ಟ್ ಇಂಡಿಯಾ ಕಂಪನಿಯ ಅಧ್ಯಕ್ಷ ವಿಲಿಯಂ ಮೆಥ್ವೋಲ್ಡ್. ಪರಿಹಾರ ತೆತ್ತದ್ದೂ ಅವನ ಕಂಪನಿಯೇ. ಮಡಗಾಸ್ಕರಿನಲ್ಲಿ ನೆಲೆ ಹೂಡಲು ಹೋದ ಕೋರ್ಟೀನ್ ಕಡೆಯವರು ಅಲ್ಲಿ ನಕಲಿ ವರಹಗಳನ್ನು ಟಂಕಿಸಿದರು. ಸೂರತ್ತಿನ ಅಧಿಕಾರಿಗಾಗಲಿ ಇಲ್ಲಿನ ಸಾಹುಕಾರನಿಗಾಗಲಿ ಇವರು ಯಾವ ಕಂಪನಿ, ಅವರು ಯಾವ ಕಂಪನಿ ಎಂಬ ಭೇದ ಬೇಕಿರಲಿಲ್ಲ. ಟೋಪಿಯವರೆಲ್ಲ ಒಂದೇ. ಒಬ್ಬ ಮಾಡಿದ ಸಾಲಕ್ಕೆ, ಕಳ್ಳತನಕ್ಕೆ ಇನ್ನೊಬ್ಬ ಜವಾಬು ಹೇಳಬೇಕಾಯಿತು.

ಇಂಗ್ಲೆಂಡಿನಲ್ಲಿ ಅಂತರ್ಯುದ್ಧ ನಡೆದು, 1649ರಲ್ಲಿ ಚಾರ್ಲ್ಸನ ತಲೆ ಹೋಯಿತು. ಪರವಾನಗಿ ಕೊಟ್ಟ ಅರಸನೇ ಇಲ್ಲದ ಮೇಲೆ ಕೋರ್ಟೀನ್ ಕೂಟದ ಹಕ್ಕು ಹಿಡಿದಿದ್ದ ವರ್ತಕರಿಗೆ ಆಸರೆ ತಪ್ಪಿತು. ಅವರ ಮುಂದಾಳು ಮಾರಿಸ್ ಥಾಂಪ್ಸನ್. ಎರಡೂ ಕಡೆಯವರು ಕೂತು ಮಾತಾಡಿ ಒಂದಾಗಬೇಕೆಂದು ಪಾರ್ಲಿಮೆಂಟು ಒತ್ತಾಯಿಸಿತು. 1650ರಲ್ಲಿ ಸಂಯುಕ್ತ ಬಂಡವಾಳದ ಹೆಸರಿನಲ್ಲಿ ಇಬ್ಬರೂ ಒಂದಾದರು. ಕಾರವಾರದ ಕೋಠಿ ಈಸ್ಟ್ ಇಂಡಿಯಾ ಕಂಪನಿಗೆ ಬಂದದ್ದು ಹೀಗೆ. ಎದುರಾಳಿಯ ಅಂಗಡಿ, ಎದುರಾಳಿಯ ಪರಿಚಯ, ಎದುರಾಳಿ ಪಡೆದ ಅಪ್ಪಣೆಗಳು ಎಲ್ಲವೂ ಲಂಡನ್ನಿನ ಒಂದು ಕಾಗದದಿಂದ ಕೈಬದಲಾದವು. ಕೆಲ ವರ್ಷಗಳ ಮೇಲೆ ಥಾಂಪ್ಸನ್ ಅದೇ ಕಂಪನಿಯ ಗವರ್ನರ್ ಕೂಡ ಆದ.

ಅಲ್ಲಿಗೇ ನಿಲ್ಲಲಿಲ್ಲ. 1650ರ ದಶಕದ ನಡುವೆ ಕೆಲವು ವರ್ಷ ಯಾರು ಬೇಕಾದರೂ ಪೂರ್ವಕ್ಕೆ ಹಡಗು ಕಳಿಸುವಂತಾಯಿತು. ಕೊಳ್ಳುವವರು ಹೆಚ್ಚಿದರು, ಇಲ್ಲಿ ಬೆಲೆ ಏರಿತು, ಲಂಡನ್ನಿನಲ್ಲಿ ಇಳಿಯಿತು. ಕಂಪನಿಯವರು ಹೀಗಾದರೆ ಮುಚ್ಚಿಬಿಡುತ್ತೇವೆ ಎಂದು ಬೆದರಿಸಿದ ಮೇಲೆ ಅರಸನಿಲ್ಲದ ಇಂಗ್ಲೆಂಡನ್ನು ಆಳುತ್ತಿದ್ದ ಕ್ರಾಮ್‌ವೆಲ್ 1657ರ ಅಕ್ಟೋಬರಿನಲ್ಲಿ ಹೊಸ ಸನದು ಕೊಟ್ಟ. ಹೊರಗಿದ್ದ ಬಿಡಿ ವರ್ತಕರು ಒಳಗೆ ಬಂದರು. ಕೆಲವು ವರ್ಷಗಳ ಯಾನಗಳಿಗಷ್ಟೇ ಬಂಡವಾಳ ಕೂಡಿಸಿ ಕೊನೆಗೆ ಹಂಚಿಕೊಳ್ಳುವ ಪದ್ಧತಿ ಹೋಗಿ ಶಾಶ್ವತ ಬಂಡವಾಳ ಬಂತು. ಈ ಬದಲಾವಣೆಯನ್ನು ನಾನು ಯಾವ ಯುದ್ಧಕ್ಕಿಂತಲೂ ದೊಡ್ಡದೆಂದು ಎಣಿಸುತ್ತೇನೆ. ಒಂದು ವರ್ಷ ಮಾಲು ಸಿಗದಿದ್ದರೂ ಕಂಪನಿ ಇನ್ನು ಕಾಯಬಲ್ಲದಾಯಿತು. ಕಾಯುವ ಶಕ್ತಿ ಮಾರುವವನಿಂದ ಕೊಳ್ಳುವವನಿಗೆ ಜಾರಲು ಶುರುವಾದದ್ದು ಅಲ್ಲಿ.

ಅದೇ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಹೊನ್ನಾವರ, ಗಂಗೊಳ್ಳಿ, ಬಸರೂರುಗಳಿಂದ ಪೋರ್ಚುಗೀಸರನ್ನು ಓಡಿಸಿದ. ಕೋಟೆ ಗೆದ್ದ ಸಂಭ್ರಮದ ಬದಿಯಲ್ಲೇ ಒಂದು ನಷ್ಟವೂ ಇತ್ತು: ಹಳೆಯ ಗಿರಾಕಿಯೊಬ್ಬ ಸೊರಗಿದ. ಡಚ್ಚರು ಮತ್ತು ಇಂಗ್ಲಿಷರು ಉಳಿದರು. ಡಚ್ ಕಂಪನಿಯೂ ಬೆರಕೆಯದೇ ಕೂಸು. 1602ರಲ್ಲಿ ಹಾಲೆಂಡಿನ ಬೇರೆ ಬೇರೆ ಊರುಗಳ ಪೈಪೋಟಿಯ ಕಂಪನಿಗಳನ್ನು ಸರ್ಕಾರವೇ ಒಂದುಗೂಡಿಸಿ ಹುಟ್ಟಿಸಿದ ಸಂಸ್ಥೆ ಅದು.

ಕಾರವಾರದ ಕೋಠಿ 1660ರ ಸುಮಾರಿಗೆ ಹುಬ್ಬಳ್ಳಿ ಕಡೆಯ ಬಟ್ಟೆ, ಘಟ್ಟದ ಮೆಣಸು, ಏಲಕ್ಕಿ ಕೊಂಡು ಚೆನ್ನಾಗಿ ನಡೆಯಿತು. ಮಿರ್ಜಾನಿನಿಂದ ಮೆಣಸು, ಅಡಿಕೆ, ಪೆಟ್ಲುಪ್ಪು ಸೂರತ್ತಿಗೆ ಹೋಗುತ್ತಿತ್ತು. 1676ರಲ್ಲಿ ಕಂಪನಿಯ ವೈದ್ಯ ಜಾನ್ ಫ್ರೈಯರ್ ಕಾರವಾರದಿಂದ ಹೊರಟು ಶಿವರಾತ್ರಿಯ ಹೊತ್ತಿಗೆ ಗೋಕರ್ಣಕ್ಕೆ ಹೋದ, ಮಿರ್ಜಾನನ್ನೂ ಕಂಡ. ಅಘನಾಶಿನಿಯ ದಂಡೆಯ ಆ ಕೋಟೆಯಲ್ಲಿ ಪುರಾತತ್ವ ಇಲಾಖೆ ಅಗೆದಾಗ ಚೀನಾದ ಪಿಂಗಾಣಿಯ ಚೂರುಗಳೂ ಪೋರ್ಚುಗೀಸರ ಚಿನ್ನದ ನಾಣ್ಯವೂ ಸಿಕ್ಕಿದವು. ಆ ಹೊಳೆಗೆ ಬಂದು ಹೋದ ಗಿರಾಕಿಗಳು ಎಷ್ಟು ಬಗೆಯವರೆಂದು ಆ ಚೂರುಗಳಿಂದಲೇ ತಿಳಿಯುತ್ತದೆ.

ಕೊನೆಯ ದೊಡ್ಡ ಬೆರಕೆ ಹದಿನೆಂಟನೇ ಶತಮಾನದ ಬಾಗಿಲಲ್ಲಿ ನಡೆಯಿತು. 1698ರಲ್ಲಿ ಇಂಗ್ಲೆಂಡಿನ ಸರ್ಕಾರಕ್ಕೆ ಫ್ರಾನ್ಸಿನ ಮೇಲಿನ ಯುದ್ಧದ ಸಾಲ ತಲೆಯ ಮೇಲಿತ್ತು. 20 ಲಕ್ಷ ಪೌಂಡು ಸಾಲ ಕೊಡುವವರಿಗೆ ಪೂರ್ವದ ವ್ಯಾಪಾರ ಎಂದು ಪಾರ್ಲಿಮೆಂಟು ಹೇಳಿತು. ಹೊಸ ಕಂಪನಿ ಹುಟ್ಟಿತು. ಹಳೆಯ ಕಂಪನಿ ಹೊಡೆದಾಡುವುದನ್ನು ಬಿಟ್ಟು ಬೇರೊಂದು ದಾರಿ ಹಿಡಿಯಿತು: ತಾನೇ 3,15,000 ಪೌಂಡು ಕೊಟ್ಟು ಹೊಸ ಕಂಪನಿಯ ಪಾಲು ಕೊಂಡಿತು. ಎದುರಾಳಿಯ ಮನೆಯೊಳಗೆ ಹೀಗೆ ಕಾಲಿಟ್ಟ ಮೇಲೆ ಸೋಲಿಸುವ ಅಗತ್ಯವೇ ಕಡಿಮೆಯಾಯಿತು. ಆದರೂ ಸೂರತ್ತಿನಲ್ಲಿ ಹೊಸ ಕಂಪನಿಯ ನಿಕೋಲಸ್ ವೇಟ್ ಮೊಗಲ್ ಅಧಿಕಾರಿಗಳಿಗೆ ದೂರು ಕೊಟ್ಟು ಹಳೆಯ ಕಂಪನಿಯ ಜಾನ್ ಗೇಯರ್‌ನನ್ನು ಬಂಧನದಲ್ಲಿಡಿಸುವ ಮಟ್ಟಿಗೆ ಜಗಳ ಹೋಗಿತ್ತು. 1702ರಲ್ಲಿ ಒಪ್ಪಂದವಾಯಿತು, 1708ರಲ್ಲಿ ಇಂಗ್ಲೆಂಡಿನ ಖಜಾನೆಯ ಮುಖ್ಯಸ್ಥ ಗೊಡೋಲ್ಫಿನ್ ಲೆಕ್ಕ ತೀರ್ಮಾನಿಸಿದ, 1709ರಲ್ಲಿ ಎರಡೂ ಸೇರಿ ಸಂಯುಕ್ತ ಕಂಪನಿಯಾದವು. ಕರಾವಳಿಗೆ ಇನ್ನು ಇಂಗ್ಲಿಷ್ ಗಿರಾಕಿ ಒಬ್ಬನೇ.

ಇದನ್ನು ಓದುವಾಗ ಈ ಕಾಲದ ಬ್ರಿಟನ್ನಿನ ಸೂಪರ್‌ಮಾರ್ಕೆಟ್ ಕಂಪನಿಗಳು ನೆನಪಾಗದೆ ಇರುವುದಿಲ್ಲ. ಟೆಸ್ಕೊ 1994ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಲೋ ಅಂಗಡಿಗಳನ್ನು ಕೊಂಡು ಆ ನಾಡಿನಲ್ಲಿ ಬೇರು ಬಿಟ್ಟಿತು. ಮಾರಿಸನ್ಸ್ 2004ರಲ್ಲಿ ತನಗಿಂತ ದೊಡ್ಡದಾದ ಸೇಫ್‌ವೇಯನ್ನು ಸುಮಾರು 300 ಕೋಟಿ ಪೌಂಡಿಗೆ ಕೊಂಡು, ಎರಡರ ಲೆಕ್ಕಪತ್ರ ಹೊಂದಿಸಲಾಗದೆ ಒದ್ದಾಡಿತು. ಸೇನ್ಸ್‌ಬರೀಸ್ ಮತ್ತು ಆಸ್ಡಾ ಒಂದಾಗಲು ಹೊರಟಾಗ 2019ರ ಏಪ್ರಿಲ್‌ನಲ್ಲಿ ಅಲ್ಲಿನ ಸ್ಪರ್ಧಾ ಪ್ರಾಧಿಕಾರ ಬೇಡವೆಂದು ತಡೆಯಿತು. ಅಂಗಡಿಗಳು ಕೂಡಿದಷ್ಟೂ ಅವುಗಳಿಗೆ ಹಾಲು, ತರಕಾರಿ ಕೊಡುವ ರೈತ ಬೇರೆ ಕಡೆ ಹೋಗಲಾರ ಎಂಬುದನ್ನು ಕಂಡುಕೊಂಡ ಬ್ರಿಟನ್ 2013ರಲ್ಲಿ ಸರಬರಾಜುದಾರರ ದೂರು ಕೇಳಲೆಂದೇ ಒಬ್ಬ ಅಧಿಕಾರಿಯನ್ನು ನೇಮಿಸಿತು. ಸರಬರಾಜುದಾರರಿಗೆ ಹಣ ಕೊಡುವುದನ್ನು ತಡಮಾಡಿ ಟೆಸ್ಕೊ ನಿಯಮ ಮೀರಿದೆ ಎಂದು 2016ರಲ್ಲಿ ಆ ಕಚೇರಿ ಹೇಳಿತು. ಗೇರುಸೊಪ್ಪೆಯ ಮೆಣಸಿನವರಿಗೆ ಅಂಥ ಅಧಿಕಾರಿ ಇರಲಿಲ್ಲ. ಅವರಿಗಿದ್ದದ್ದು ಗಿರಾಕಿಗಳನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಬಲ್ಲ ಅರಸರು ಮಾತ್ರ.

ಆ ಕೊನೆಯ ಆಸರೆ ಹೋದ ಬಗೆಯನ್ನು ಹೊನ್ನಾವರದಲ್ಲಿ ನೋಡಬಹುದು. 1763ರಲ್ಲಿ ಕೆಳದಿ ಅರಸರ ಆಗಿನ ರಾಜಧಾನಿ ಬಿದನೂರು ಮೈಸೂರಿನ ಹೈದರ್ ಅಲಿಯ ಕೈಸೇರಿದಾಗ ಕಂಪನಿ ಅವನಿಂದ ಹೊನ್ನಾವರದ ಕೋಠಿಗೂ ಮೆಣಸಿಗೂ ಅಪ್ಪಣೆ ಪಡೆಯಿತು. ಐದೇ ವರ್ಷದಲ್ಲಿ, 1768ರಲ್ಲಿ, ಅದೇ ಕಂಪನಿಯ ಹಡಗುಗಳು ಹೊನ್ನಾವರವನ್ನು ಹಿಡಿದವು. ಹೈದರ್ ಬೇಗನೆ ಬಿಡಿಸಿಕೊಂಡ. 1783ರ ಜನವರಿಯಲ್ಲಿ ಕಂಪನಿಯ ಜನರಲ್ ಮ್ಯಾಥ್ಯೂಸ್ ಕೋಟೆಯ ಮೇಲೆ ಲಗ್ಗೆ ಹಾಕಿ ಗೆದ್ದ. ಆಮೇಲೆ ಹೈದರನ ಮಗ ಟಿಪ್ಪುವಿನ ಸೇನೆ ಸುತ್ತುವರಿದಾಗ ಕಪ್ತಾನ ಟೊರಿಯಾನೊ 1784ರ ಮಂಗಳೂರು ಒಪ್ಪಂದದವರೆಗೆ ಕೋಟೆ ಬಿಟ್ಟುಕೊಡಲಿಲ್ಲ. ಊರು ಹಿಂದಕ್ಕೆ ಬಂದ ಮೇಲೆ ಟಿಪ್ಪು ಅದನ್ನು ಕೆಡವಿಸಿದನೆಂದು 1801ರಲ್ಲಿ ಇಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್ ಬರೆದಿದ್ದಾನೆ. ಹೈದರ್ ಯುದ್ಧದ ಹಡಗುಗಳನ್ನು ಕಟ್ಟಿಸುತ್ತಿದ್ದ ಬಂದರು, ಒಂದು ಕಾಲದ ದೊಡ್ಡ ಪೇಟೆ, ಹಾಗೆ ಹಾಳಾಯಿತು.

ಟಿಪ್ಪುವಿನ ವ್ಯಾಪಾರ ನೀತಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಇಂಗ್ಲಿಷರಿಗೆ ಮೆಣಸು ಮಾರಕೂಡದೆಂದು ಅವನು ಕಟ್ಟಪ್ಪಣೆ ಮಾಡಿದ. ಮೆಣಸು, ಗಂಧ, ಏಲಕ್ಕಿಯನ್ನು ಸರ್ಕಾರವೇ ಕೊಂಡು, ಮಸ್ಕತ್‌ನಲ್ಲಿ ಸರ್ಕಾರಿ ಕೋಠಿ ಇಟ್ಟು, ತಾನೇ ಮಾರಿದ. ಕಂಪನಿ ಏನೆಂಬುದನ್ನು ಅಷ್ಟು ಸರಿಯಾಗಿ ತಿಳಿದ ಅರಸ ಇನ್ನೊಬ್ಬನಿಲ್ಲ. ಆದರೆ ಬೆಳೆಯುವವನ ಅಂಗಳದಿಂದ ನೋಡಿದರೆ ಅದೂ ಏಕಸ್ವಾಮ್ಯವೇ. ಕೊಳ್ಳುವವನು ಅಲ್ಲೂ ಒಬ್ಬನೇ. ಅವನ ಧೈರ್ಯವನ್ನು ಮೆಚ್ಚುವ ನನಗೆ ಈ ಭಾಗ ಮಾತ್ರ ಒಪ್ಪಿಗೆಯಾಗುವುದಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಕನ್ನಡ ಜಿಲ್ಲೆ ಕಂಪನಿಗೆ ಸೇರಿತು. ಭಟ್ಕಳ, ಹೊನ್ನಾವರ, ಕುಮಟೆ ಎಲ್ಲವೂ. ಮೊದಲ ಕಲೆಕ್ಟರ್ ಥಾಮಸ್ ಮನ್ರೊ 1800ರ ವರದಿಯಲ್ಲಿ ಇಲ್ಲಿನ ಭೂಮಿ ರೈತರ ಸ್ವಂತ ಆಸ್ತಿ, ಹಿಂದಿನಿಂದ ನಡೆದುಬಂದ ಮೂಲಹಕ್ಕು ಎಂದು ಸ್ಪಷ್ಟವಾಗಿ ಬರೆದ. ಹಕ್ಕನ್ನು ಒಪ್ಪಿದರೂ ತೆರಿಗೆ ಹಗುರಾಗಲಿಲ್ಲ. 1830–31ರಲ್ಲಿ ಕನ್ನಡ ಜಿಲ್ಲೆಯ ರೈತರು ಕೂಟ ಸೇರಿ ಕಂದಾಯ ಕಟ್ಟುವುದಿಲ್ಲವೆಂದು ನಿಂತರು. 1637ರಲ್ಲಿ ಇಕ್ಕೇರಿಯ ಬಾಗಿಲಲ್ಲಿ ಅಪ್ಪಣೆಗೆ ಕಾದಿದ್ದ ಗಿರಾಕಿ ಈಗ ಕಂದಾಯ ಎತ್ತುವ ದೊರೆಯಾಗಿದ್ದ. ಮೆಣಸಿಗೆ ಬೆಲೆ ಕೇಳಬೇಕಾದವನ ಎದುರೇ ತೆರಿಗೆಗೆ ಕೈಕಟ್ಟಿ ನಿಲ್ಲಬೇಕಾಯಿತು.

ಕಂಪನಿಯ ವ್ಯಾಪಾರದ ಕತೆ ಅಷ್ಟು ಹೊತ್ತಿಗೆ ಮುಗಿಯುತ್ತ ಬಂದಿತ್ತು. 1813ರಲ್ಲಿ ಭಾರತದ ಮೇಲಿನ ಅದರ ಏಕಸ್ವಾಮ್ಯವನ್ನು ಪಾರ್ಲಿಮೆಂಟು ತೆಗೆದುಹಾಕಿತು. ಖಾಸಗಿ ವರ್ತಕರು ಮತ್ತೆ ಬಂದರು. ಕುಮಟೆ ಬೆಳೆದದ್ದು ಆ ನಂತರದ ದಿನಗಳಲ್ಲೇ; ಧಾರವಾಡದ ಹತ್ತಿ ಘಟ್ಟ ಇಳಿದು ಇಲ್ಲಿ ಹಡಗು ಹತ್ತಿದ್ದರಿಂದ ಇಂಗ್ಲೆಂಡಿನ ಪೇಟೆಯಲ್ಲಿ ಆ ಹತ್ತಿಗೆ ಕುಮಟಾ ಹತ್ತಿ ಎಂದೇ ಹೆಸರಾಯಿತು. 1833ರ ಕಾಯ್ದೆ ಕಂಪನಿಯ ವ್ಯಾಪಾರವನ್ನೇ ಮುಚ್ಚಿಸಿ ಆಡಳಿತವನ್ನಷ್ಟೇ ಉಳಿಸಿತು. ಪಾಲುದಾರರಿಗೆ ಮಾತ್ರ ನಷ್ಟವಾಗದ ಏರ್ಪಾಡು ಅದರಲ್ಲಿತ್ತು. 60 ಲಕ್ಷ ಪೌಂಡಿನ ಬಂಡವಾಳದ ಮೇಲೆ ವರ್ಷಕ್ಕೆ ನೂರಕ್ಕೆ ಹತ್ತೂವರೆಯಂತೆ, ಅಂದರೆ 6,30,000 ಪೌಂಡು, ಭಾರತದ ಕಂದಾಯದಿಂದಲೇ ಅವರಿಗೆ ಸಲ್ಲಬೇಕು. ನಲವತ್ತು ವರ್ಷ ಕಳೆದ ಮೇಲೆ ಸರ್ಕಾರ ಪ್ರತಿ 100 ಪೌಂಡಿನ ಪಾಲಿಗೆ 200 ಪೌಂಡು ಕೊಟ್ಟು ಕಂಪನಿಯನ್ನು ಕೊಂಡುಕೊಳ್ಳಬಹುದು.

1858ರಲ್ಲಿ ಆಡಳಿತ ಬ್ರಿಟನ್ನಿನ ರಾಣಿಯ ಕೈಗೆ ಹೋಯಿತು, 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಬೊಂಬಾಯಿಗೆ ಸೇರಿತು. ಕಂದಾಯದಿಂದ ಕೊಡುವ ಲಾಭಾಂಶ ಮಾತ್ರ ವರ್ಷ ವರ್ಷವೂ ಲಂಡನ್ನಿಗೆ ಸಂದಾಯವಾಗುತ್ತಲೇ ಇತ್ತು. ಹೊನ್ನಾವರದ ಗದ್ದೆಯ ತೀರುವೆಯಲ್ಲಿ, ಅಘನಾಶಿನಿಯ ಗಜನಿಯ ತೀರುವೆಯಲ್ಲಿ ಅದರ ಪಾಲಿತ್ತು. 1874ರಲ್ಲಿ, ಬರೆದುಕೊಟ್ಟಿದ್ದ ಬೆಲೆಗೇ, ಕೋರ್ಟೀನ್ ಕೂಟವನ್ನೂ ಬಿಡಿ ವರ್ತಕರನ್ನೂ ಹೊಸ ಕಂಪನಿಯನ್ನೂ ಒಳಗೆ ಸೇರಿಸಿಕೊಂಡು ಬೆಳೆದಿದ್ದ ಈಸ್ಟ್ ಇಂಡಿಯಾ ಕಂಪನಿಯನ್ನು ಕೊಂಡು ಬರಖಾಸ್ತು ಮಾಡಲಾಯಿತು.